ಕತ್ತಲೆ ಬಾಟಲಿಯ ಲೆಕ್ಕ



ಬಿ.ಕಾಂ. ಓದುವವನಿಗೂ ಕೆರೆಯ ನೀರಿಗೂ ಎಲ್ಲಿಯ ಸಂಬಂಧ ಅಂತ ನೀವು ಕೇಳಬಹುದು. ಹೋದ ವರ್ಷದವರೆಗೆ ನಾನೂ ಹಾಗೇ ಕೇಳುತ್ತಿದ್ದೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಜೀವಶಾಸ್ತ್ರವೆಂದರೆ ದ್ಯುತಿಸಂಶ್ಲೇಷಣೆ, ಪತ್ರಹರಿತ್ತು, ಆಮ್ಲಜನಕ ಮುಂತಾದ ಬಾಯಿಪಾಠದ ಮಾತುಗಳಷ್ಟೆ. ಪಿ.ಯು.ಸಿ.ಯಲ್ಲಿ ಕಾಮರ್ಸ್ ಸೇರಿದ ದಿನ ಅವಕ್ಕೆಲ್ಲ ಕೈಮುಗಿದು ಬಂದಿದ್ದೆ. ಆದರೆ ಅವು ನನ್ನನ್ನು ಬಿಡಲಿಲ್ಲ. ಪದವಿಯಲ್ಲಿ ಪರಿಸರ ಅಧ್ಯಯನ ಎಂಬ ವಿಷಯ ಬಂತು. ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 1991ರ ನವೆಂಬರಿನಲ್ಲಿ ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ಹೇಳಿತು. 2003ರಲ್ಲಿ ಅದನ್ನೇ ಮತ್ತೆ ಬಿಗಿಯಾಗಿ ಹೇಳಿದ ಮೇಲೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಪಠ್ಯಕ್ರಮ ಎಲ್ಲ ಪದವಿ ತರಗತಿಗಳಿಗೂ ಬಂತು. ಅದರಲ್ಲಿ ಕ್ಷೇತ್ರಕಾರ್ಯವೂ ಸೇರಿದೆ: ಕೆರೆ, ಹೊಳೆ, ಗುಡ್ಡ ಯಾವುದಾದರೊಂದನ್ನು ಕಣ್ಣಾರೆ ನೋಡಿ ಬರೆಯಬೇಕು.

ನಮ್ಮ ತಂಡಕ್ಕೆ ಕೆರೆ ಬಂತು. ಆ ಕೆರೆಯ ಲೆಕ್ಕದಲ್ಲಿ ನಾನೊಂದು ಸುಳ್ಳು ಬರೆದೆ. ಆ ಸುಳ್ಳು ಸಿಕ್ಕಿಬಿದ್ದದ್ದು ನಮ್ಮ ಕಾಲೇಜಿನಲ್ಲಲ್ಲ, ಕೋಲ್ಕತ್ತದ ಬಿಬಿಡಿ ಬಾಗ್‌ನಲ್ಲಿ. ಈ ಲೇಖನ ಆ ಸುಳ್ಳಿನ ಬಗ್ಗೆ, ಅದರಿಂದ ನಾನು ಕಲಿತ ಪಾಠದ ಬಗ್ಗೆ.

ಪ್ರಯೋಗ ಏನು?

ಮೊದಲು ಪ್ರಯೋಗವನ್ನು ತಿಳಿಯೋಣ. ವಿಜ್ಞಾನದವರು ಇದನ್ನು ಬೆಳಕು-ಕತ್ತಲೆ ಬಾಟಲಿಗಳ ಪ್ರಯೋಗ ಎನ್ನುತ್ತಾರೆ. ಗಾರ್ಡರ್ ಮತ್ತು ಗ್ರಾನ್ ಎಂಬ ನಾರ್ವೆ ದೇಶದ ವಿಜ್ಞಾನಿಗಳು 1927ರಲ್ಲಿ ಇದನ್ನು ಪ್ರಕಟಿಸಿದರು.

ಮೀನಿಗೂ ನಮ್ಮಂತೆ ಆಮ್ಲಜನಕ ಬೇಕು. ಆದರೆ ನೀರು ಬಡವ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕ ಇದ್ದರೆ, ಅದೇ ಉಷ್ಣತೆಯ ಒಂದು ಲೀಟರ್ ಶುದ್ಧ ನೀರು ಗಾಳಿಯಿಂದ ಕರಗಿಸಿಕೊಳ್ಳುವುದು ಎಂಟು ಮಿಲಿಗ್ರಾಂ ಚಿಲ್ಲರೆ ಮಾತ್ರ. ಬಿಸಿ ಏರಿದಷ್ಟೂ ಅದು ಇನ್ನೂ ಇಳಿಯುತ್ತದೆ. ಇಷ್ಟು ಕಡಿಮೆ ಬಂಡವಾಳದಲ್ಲಿ ಇಡೀ ಕೆರೆಯ ಸಂಸಾರ ನಡೆಯಬೇಕು. ಆದಾಯ ಎರಡು ಕಡೆಯಿಂದ: ಮೇಲಿನ ಗಾಳಿಯಿಂದ ಅಷ್ಟಿಷ್ಟು ಕರಗುತ್ತದೆ, ಬಿಸಿಲಿದ್ದಾಗ ಪಾಚಿ ಮತ್ತು ನೀರಿನ ಗಿಡಗಳು ತಯಾರಿಸುತ್ತವೆ. ಖರ್ಚು ಮಾತ್ರ ಎಲ್ಲರದ್ದು. ಮೀನು, ಹುಳ, ಬ್ಯಾಕ್ಟೀರಿಯ ಎಲ್ಲವೂ ಉಸಿರಾಡುತ್ತವೆ, ಆಮ್ಲಜನಕ ಮಾಡಿಕೊಟ್ಟ ಪಾಚಿಯೂ ಉಸಿರಾಡುತ್ತದೆ. ಆದಾಯ ಹಗಲಿಗೆ ಮಾತ್ರ, ಖರ್ಚು ಹಗಲೂ ರಾತ್ರಿ.

ಈ ಜಮಾ-ಖರ್ಚನ್ನು ಬೇರೆ ಬೇರೆಯಾಗಿ ಅಳೆಯುವುದು ಹೇಗೆ? ಒಂದೇ ಜಾಗದ ನೀರನ್ನು ಗಾಳಿಗುಳ್ಳೆ ಸೇರದಂತೆ ಮೂರು ಬಾಟಲಿಗಳಲ್ಲಿ ತುಂಬಬೇಕು. ಮೊದಲನೆಯದರ ಆಮ್ಲಜನಕವನ್ನು ಆಗಲೇ ಅಳೆಯಬೇಕು. ಇದು ಆರಂಭದ ಶಿಲ್ಕು. ಎರಡನೆಯದು ಬರೀ ಗಾಜಿನ ಬಾಟಲಿ, ಬೆಳಕು ಒಳಗೆ ಹೋಗುತ್ತದೆ. ಮೂರನೆಯದಕ್ಕೆ ಕಪ್ಪು ಕಾಗದ ಸುತ್ತಿ ಬೆಳಕು ಒಂದಿಷ್ಟೂ ಹೋಗದಂತೆ ಮಾಡಬೇಕು. ಇವೆರಡನ್ನೂ ಹಗ್ಗಕ್ಕೆ ಕಟ್ಟಿ, ನೀರು ತೆಗೆದ ಆಳಕ್ಕೇ ಇಳಿಬಿಟ್ಟು, ಕೆಲವು ಗಂಟೆ ಕಾದು ಮೇಲೆತ್ತಿ ಅಳೆಯಬೇಕು.

ಅಳೆಯುವ ಕ್ರಮ ವಿಂಕ್ಲರ್ ಎಂಬುವರದು, 1888ರದು. ನೀರಿಗೆ ಮ್ಯಾಂಗನೀಸ್ ಸಲ್ಫೇಟನ್ನೂ ಕ್ಷಾರ ಸೇರಿದ ಅಯೊಡೈಡ್ ದ್ರಾವಣವನ್ನೂ ಹಾಕುತ್ತಾರೆ. ಆಮ್ಲಜನಕವಿದ್ದರೆ ಕಂದುಬಣ್ಣದ ಗಸಿ ಕೂರುತ್ತದೆ, ಇಲ್ಲದಿದ್ದರೆ ಗಸಿ ಬೆಳ್ಳಗೇ ಉಳಿಯುತ್ತದೆ. ಆಮೇಲೆ ಸಲ್ಫ್ಯೂರಿಕ್ ಆಮ್ಲ ಹಾಕಿದರೆ ಗಸಿ ಕರಗಿ, ಆಮ್ಲಜನಕ ಎಷ್ಟಿತ್ತೋ ಅದಕ್ಕೆ ತಕ್ಕಷ್ಟು ಅಯೊಡಿನ್ ಬಿಡುಗಡೆಯಾಗುತ್ತದೆ. ಪಿಷ್ಟ ಹಾಕಿದಾಗ ಅದು ನೀಲಿ. ಬ್ಯುರೆಟ್ಟಿನಿಂದ ಥಯೋಸಲ್ಫೇಟನ್ನು ಹನಿಹನಿಯಾಗಿ ಬಿಡುತ್ತ ಆ ನೀಲಿ ಮಾಯವಾದ ಕ್ಷಣಕ್ಕೆ ನಿಲ್ಲಿಸಬೇಕು. ಎಷ್ಟು ಹನಿ ಇಳಿಯಿತೋ ಅದೇ ಲೆಕ್ಕ.

ಒಂದು ಉದಾಹರಣೆ ನೋಡಿ. ಆರಂಭದಲ್ಲಿ ಲೀಟರಿಗೆ 5.0 ಮಿ.ಗ್ರಾಂ. ಆರು ಗಂಟೆಯ ನಂತರ ಬೆಳಕಿನ ಬಾಟಲಿಯಲ್ಲಿ 7.2, ಕತ್ತಲೆಯದರಲ್ಲಿ 3.8. ಕತ್ತಲೆಯಲ್ಲಿ ಆದಾಯವಿಲ್ಲ, ಖರ್ಚು ಮಾತ್ರ. ಆದ್ದರಿಂದ ಖರ್ಚು 1.2. ಬೆಳಕಿನಲ್ಲಿ ಖರ್ಚು ಕಳೆದು ಉಳಿದದ್ದು 2.2, ಇದು ನಿವ್ವಳ ಉತ್ಪಾದನೆ. ಎರಡೂ ಸೇರಿ 3.4, ಇದು ಒಟ್ಟು ಉತ್ಪಾದನೆ. ಕಾಮರ್ಸಿನವರಿಗೆ ಇದಕ್ಕಿಂತ ಸುಲಭದ ಪಾಠ ಬೇಕೆ? ನಮ್ಮ ಲಾಭ-ನಷ್ಟದ ಖಾತೆಯ ಮಾತುಗಳೇ ಇಲ್ಲಿಯೂ ಇವೆ.

ನಾನು ಮಾಡಿದ ತಪ್ಪು

ನಮ್ಮ ತಂಡದಲ್ಲಿ ಆರು ಜನ. ಪ್ರಾಣಿಶಾಸ್ತ್ರದ ಪ್ರಯೋಗಶಾಲೆಯಿಂದ ಮೂರು ಬಾಟಲಿ ಎರವಲು ತಂದಿದ್ದೆವು. ಸಂಜೆ ಹಗ್ಗ ಮೇಲೆಳೆಯುವ ಸರದಿ ನನ್ನದು. ಬೆಳಕಿನ ಬಾಟಲಿ ಸರಿಯಾಗಿಯೇ ಬಂತು. ಕತ್ತಲೆಯದು ಕೆರೆ ಏರಿಯ ಕಲ್ಲಿಗೆ ತಗುಲಿ ಒಡೆದುಹೋಯಿತು. ಮಾರನೇ ದಿನವೇ ರೆಕಾರ್ಡ್ ಕೊಡಬೇಕು. ಮತ್ತೆ ಮಾಡಲು ಪುರಸೊತ್ತಿಲ್ಲ, ಒಡೆದೆವೆಂದು ಹೇಳಲು ಧೈರ್ಯವಿಲ್ಲ. ‘ಏನಾದ್ರೂ ಒಂದು ನಂಬರ್ ಹಾಕೋ, ಯಾರು ನೋಡ್ತಾರೆ’ ಅಂದರು. ನಮ್ಮ ಮೊದಲ ಎರಡು ಅಳತೆಗಳು ಮೇಲಿನ ಉದಾಹರಣೆಯವೇ, 5.0 ಮತ್ತು 7.2. ಮೂರನೆಯದಕ್ಕೆ 5.6 ಅಂತ ಬರೆದುಬಿಟ್ಟೆ. ಎರಡರ ನಡುವೆ ಇದ್ದರೆ ನೋಡಲು ಚೆನ್ನಾಗಿರುತ್ತೆ ಅನ್ನಿಸಿತ್ತು. ಖರ್ಚಿನ ಲೆಕ್ಕ ಮಾಡಿದಾಗ ಮೈನಸ್ 0.6 ಬಂತು. ಮೈನಸ್ ಗುರುತನ್ನು ಬಿಟ್ಟು 0.6 ಅಂತ ಬರೆದೆ. ಕೆಂಪು ಶಾಯಿಯ ಸಹಿ ಬಿತ್ತು. ಹತ್ತಕ್ಕೆ ಒಂಬತ್ತು.

ಲಾಲ್ ದಿಘಿಯ ದಂಡೆಯಲ್ಲಿ

ರಜೆಯಲ್ಲಿ ಕೋಲ್ಕತ್ತಕ್ಕೆ ಹೋದೆ. ನನ್ನ ಸೋದರಮಾವ ಬ್ಯಾಂಕೊಂದರಲ್ಲಿ ಲೆಕ್ಕ ಪರಿಶೋಧನೆಯ ವಿಭಾಗದಲ್ಲಿದ್ದಾರೆ. ಅಲ್ಲಿಗೆ ವರ್ಗವಾಗಿ ಎರಡು ವರ್ಷ. ಮನೆ ಹೌರಾದಲ್ಲಿ, ಕಛೇರಿ ಬಿಬಿಡಿ ಬಾಗ್‌ನಲ್ಲಿ. 2024ರ ಮಾರ್ಚಿನಲ್ಲಿ ಶುರುವಾದ ಮೆಟ್ರೋ ಹೂಗ್ಲಿ ನದಿಯ ತಳದ ಕೆಳಗೇ ಹಾದು ಮಹಾಕರಣ ನಿಲ್ದಾಣಕ್ಕೆ ತಂದು ಬಿಡುತ್ತದೆ. ಮಹಾಕರಣ ಎಂದರೆ ರೈಟರ್ಸ್ ಬಿಲ್ಡಿಂಗ್. 2013ರಲ್ಲಿ ಸಚಿವಾಲಯ ಹೌರಾದ ನಬಾನ್ನಕ್ಕೆ ಹೋಗುವವರೆಗೆ ರಾಜ್ಯ ಸರ್ಕಾರ ಕೂರುತ್ತಿದ್ದ ಕೆಂಪು ಕಟ್ಟಡ. 1930ರ ಡಿಸೆಂಬರ್ 8ರಂದು ಬಿನಯ್, ಬಾದಲ್, ದಿನೇಶ್ ಎಂಬ ಮೂವರು ಯುವಕರು ಅದರೊಳಗೆ ನುಗ್ಗಿ ಕಾರಾಗೃಹಗಳ ಮುಖ್ಯಾಧಿಕಾರಿ ಸಿಂಪ್ಸನ್ನನನ್ನು ಗುಂಡಿಟ್ಟು ಕೊಂದರು. ಡಾಲ್‌ಹೌಸಿ ಚೌಕ ಎನಿಸಿಕೊಂಡಿದ್ದ ಜಾಗಕ್ಕೆ ಸ್ವಾತಂತ್ರ್ಯ ಬಂದ ಮೇಲೆ ಅವರ ಹೆಸರಿನ ಮೊದಲಕ್ಷರಗಳು ಬಂದವು. ದಿನೇಶ್ ಗುಪ್ತನಿಗೆ ಆಗ ಹತ್ತೊಂಬತ್ತು ವರ್ಷ. ನನಗೆ ಇಪ್ಪತ್ತು. ಅದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ನಿಂತೆ.

ನಾನು ಹೋಗಿದ್ದು ಕಾಮರ್ಸ್ ವಿದ್ಯಾರ್ಥಿಯಾಗಿ ಲಯನ್ಸ್ ರೇಂಜಿನ ಷೇರುಪೇಟೆ ನೋಡೋಣ ಅಂತ. 1908ರ ಸಂಸ್ಥೆ ಅದು. ಆದರೆ 2013ರಿಂದ ಅಲ್ಲಿ ವಹಿವಾಟು ನಿಂತುಹೋಗಿದೆ. ಕಟ್ಟಡ ನೋಡಿ ವಾಪಸು ಬಂದು ಚೌಕದ ನಡುವಿನ ಕೆರೆಯ ದಂಡೆಯಲ್ಲಿ ಕುಳಿತೆ. ಹೆಸರು ಲಾಲ್ ದಿಘಿ, ಅಂದರೆ ಕೆಂಪು ಕೆರೆ. ಹೋಳಿಯ ಬಣ್ಣದಿಂದ ನೀರು ಕೆಂಪಾಗುತ್ತಿತ್ತು, ಅದಕ್ಕೇ ಈ ಹೆಸರು ಎಂದು ಒಂದು ಕತೆ ಹೇಳುತ್ತಾರೆ. ಇಂಗ್ಲಿಷರು ಬರುವ ಮೊದಲೇ ಇದ್ದ ಕೆರೆ ಇದು. ಹದಿನೆಂಟನೆಯ ಶತಮಾನದಲ್ಲಿ ಅವರ ವಸತಿಗೆ ಕುಡಿಯುವ ನೀರು ಇಲ್ಲಿಂದಲೇ ಹೋಗುತ್ತಿತ್ತು. ಈಗ ಸುತ್ತಲೂ ಬ್ಯಾಂಕುಗಳು, 1868ರ ದೊಡ್ಡ ಅಂಚೆ ಕಛೇರಿಯ ಬಿಳಿ ಗುಮ್ಮಟ, ಬಸ್ಸುಗಳ ಗದ್ದಲ. ನಡುವೆ ಈ ಹಸಿರು ನೀರು.

ಊರಿನ ಕೆರೆಗೂ ಇದಕ್ಕೂ ಹೋಲಿಸಿ ಪ್ರಾಜೆಕ್ಟಿನಲ್ಲಿ ಎರಡು ಪುಟ ಸೇರಿಸೋಣ ಎಂದು ರೆಕಾರ್ಡನ್ನು ಜೊತೆಗೇ ಒಯ್ದಿದ್ದೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಮಾವ ಬಂದರು. ಮಣ್ಣಿನ ಕುಡಿಕೆಯಲ್ಲಿ ಚಹಾ ಹಿಡಿದುಕೊಂಡು ರೆಕಾರ್ಡ್ ತಿರುವಿದರು. ಅವರಿಗೆ ಜೀವಶಾಸ್ತ್ರ ಗೊತ್ತಿಲ್ಲ. ಅಂಕಿಗಳ ಕೆಳಗೆ ಬೆರಳಿಟ್ಟುಕೊಂಡು ಓದುವುದು ಮಾತ್ರ ಗೊತ್ತು.

‘ಏನೋ ಇದು? ಒಟ್ಟು 1.6, ನಿವ್ವಳ 2.2 ಅಂತ ಬರೆದಿದ್ದೀಯ?’

‘ಹೌದು ಮಾವ.’

‘ಒಟ್ಟಿಗಿಂತ ನಿವ್ವಳ ಹೆಚ್ಚಾಗಬೇಕಾದ್ರೆ ಬೇರೆ ಏನೋ ಆದಾಯ ಇರ್ಬೇಕು. ನಿಮ್ಮ ಕೆರೆ ಮನೆಗಿನೆ ಬಾಡಿಗೆಗೆ ಕೊಟ್ಟಿದೆಯೇನೋ?’

ನಾನು ನಕ್ಕೆ. ಅವರು ನಗಲಿಲ್ಲ. ಮೂರು ಬಾಟಲಿಯ ವಿಷಯವನ್ನು ನನ್ನ ಬಾಯಿಂದಲೇ ವಿವರವಾಗಿ ಹೇಳಿಸಿದರು. ಆಮೇಲೆ ಕೇಳಿದರು: ‘ಕತ್ತಲೇಲಿ ಆದಾಯ ಇಲ್ಲ ಅಂತ ನೀನೇ ಹೇಳ್ತೀಯ. ಐದು ಇಟ್ಟಿದ್ದು ಐದೂ ಪಾಯಿಂಟ್ ಆರು ಹೇಗಾಯ್ತು? ಇದಕ್ಕೆ ವೋಚರ್ ಎಲ್ಲಿ?’

ವೋಚರ್ ಇರಲಿಲ್ಲ. ಬಾಟಲಿ ಒಡೆದದ್ದನ್ನು ಹೇಳಿದೆ. ಮಾವ ಬೈಯಲಿಲ್ಲ. ‘ಸುಳ್ಳು ಲೆಕ್ಕ ಬರೆಯೋನು ಯಾವಾಗಲೂ ಖರ್ಚಿನ ಕಡೆಯೇ ಬರೀತಾನೆ ಕಣೋ. ಯಾರಿಗೂ ಕಾಣದ ಕಡೆ’ ಅಂತ ಹೇಳಿ, ಕುಡಿಕೆಯನ್ನು ಬುಟ್ಟಿಗೆ ಹಾಕಿ ಕಛೇರಿಗೆ ಹೋದರು.

ಹಗಲು ನೋಡಿದ ಕೆರೆ

ನಾನು ಅಲ್ಲೇ ಕುಳಿತೆ. ಲಾಲ್ ದಿಘಿಯ ನೀರು ಹಸಿರಾಗಿದೆ, ಬಿಸಿಲು ಬಿದ್ದಿದೆ, ಆದ್ದರಿಂದ ಆಮ್ಲಜನಕ ಧಾರಾಳ ಇರಬೇಕು ಅಂತ ಆಗಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಅದನ್ನು ಹೊಡೆದುಹಾಕಿದೆ. ನಾನು ನೋಡಿದ್ದು ಹಗಲಿನ ಕೆರೆಯನ್ನು ಮಾತ್ರ. ರಾತ್ರಿಯ ಪುಟ ನೋಡದೆ ತೀರ್ಪು ಕೊಡುವ ಹಕ್ಕು ನನಗಿಲ್ಲ.

ಮೇಲಿನ ಉದಾಹರಣೆಯನ್ನೇ ಮುಂದುವರಿಸೋಣ. ಆರು ಗಂಟೆಗೆ ಖರ್ಚು 1.2 ಆದರೆ ಇಪ್ಪತ್ನಾಲ್ಕು ಗಂಟೆಗೆ 4.8. ಒಟ್ಟು ಆದಾಯ ಬಿಸಿಲು ಚೆನ್ನಾಗಿದ್ದ ಆರು ಗಂಟೆಗೆ 3.4. ಬೆಳಗ್ಗೆ, ಸಂಜೆ ಬೆಳಕು ಕಡಿಮೆ; ಅದನ್ನೂ ಸೇರಿಸಿ ಇಡೀ ಹಗಲಿಗೆ 4.5 ಎಂದಿಟ್ಟುಕೊಳ್ಳಿ. ಮಧ್ಯಾಹ್ನದಲ್ಲಿ 2.2 ನಿವ್ವಳ ಲಾಭ ತೋರಿಸಿದ ಕೆರೆಯೇ ದಿನದ ಕೊನೆಗೆ 0.3 ನಷ್ಟದಲ್ಲಿದೆ! ಗಾಳಿ ಅಷ್ಟಿಷ್ಟು ಕೈಗಡ ಕೊಟ್ಟು ಅದನ್ನು ತುಂಬಿಸಬಹುದು. ಆದರೆ ಮೂರು ನಾಲ್ಕು ದಿನ ಮೋಡ ಕವಿದರೆ? ಚರಂಡಿ ನೀರು ಸೇರಿ ಬ್ಯಾಕ್ಟೀರಿಯಗಳ ಖರ್ಚು ಇಮ್ಮಡಿಯಾದರೆ? ಚರಂಡಿಯ ಸಾರಜನಕ, ರಂಜಕಗಳಿಂದ ಪಾಚಿ ಸೊಂಪಾಗಿ ಬೆಳೆಯುತ್ತದೆ. ಹಗಲು ನೋಡಿದವರು ಕೆರೆ ಹಸಿರಾಗಿದೆ ಅಂತಾರೆ. ರಾತ್ರಿ ಅದೇ ಪಾಚಿ ಉಸಿರಾಡಿ, ಸತ್ತದ್ದು ಕೊಳೆತು, ಬೆಳಗಿನ ಜಾವಕ್ಕೆ ಶಿಲ್ಕು ತೀರ ತಳ ಮುಟ್ಟಿರುತ್ತದೆ.

ಕೋಲ್ಕತ್ತ ಇಂಥ ಪಾಠಕ್ಕೆ ತಕ್ಕ ಊರು. ಲಾಲ್ ದಿಘಿಯಿಂದ ಅಷ್ಟೇನೂ ದೂರವಲ್ಲದ ವೈದ್ಯಕೀಯ ಕಾಲೇಜಿನಲ್ಲಿ ಜರ್ಮನಿಯ ರಾಬರ್ಟ್ ಕಾಖ್ 1884ರ ಆರಂಭದಲ್ಲಿ ಕಾಲರಾ ರೋಗಾಣುವನ್ನು ಬೇರ್ಪಡಿಸಿ ಬೆಳೆಸಿದ. ಆಮೇಲೆ ಊರಿನ ಹೊರವಲಯದ ಒಂದು ಕೆರೆಯ ನೀರಿನಲ್ಲೂ ಅದನ್ನು ಕಂಡ. ಸುತ್ತಲಿನ ಮನೆಗಳ ಜನ ರೋಗಿಯ ಬಟ್ಟೆ ಒಗೆದದ್ದೂ ಕುಡಿಯುವ ನೀರು ತಂದದ್ದೂ ಅದೇ ಕೆರೆಯಲ್ಲಿ. ಒಂದು ಸಲ ನೋಡಿ ಅವನು ಸುಮ್ಮನಾಗಲಿಲ್ಲ. ಮತ್ತೆ ಮತ್ತೆ ನೀರು ತಂದು ಪರೀಕ್ಷಿಸಿದ, ರೋಗ ಇಳಿದಂತೆ ನೀರಿನ ರೋಗಾಣುಗಳೂ ಕಡಿಮೆಯಾದದ್ದನ್ನು ಕಂಡ. ಅದೇ ಕಾಲಕ್ಕೆ, 1883ರಲ್ಲಿ, ನಮ್ಮ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದ ರೊನಾಲ್ಡ್ ರಾಸ್ ತನ್ನ ಬಂಗಲೆಯ ಹತ್ತಿರದ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿಗಳನ್ನು ಗಮನಿಸಿದ. ಹದಿನೈದು ವರ್ಷದ ಮೇಲೆ, 1898ರಲ್ಲಿ, ಇದೇ ಕೋಲ್ಕತ್ತದಲ್ಲಿ ಹಕ್ಕಿಗಳ ಮಲೇರಿಯ ಸೊಳ್ಳೆಯ ಮೂಲಕ ಹರಡುವುದನ್ನು ತೋರಿಸಿದ.

ಊರಿನ ಪೂರ್ವಕ್ಕೆ ಹೋದರೆ ಇನ್ನೂ ದೊಡ್ಡ ಪ್ರಯೋಗಶಾಲೆ. ಸುಮಾರು 12,500 ಹೆಕ್ಟೇರಿನ ಪೂರ್ವ ಕೋಲ್ಕತ್ತ ಜೌಗುಭೂಮಿ. ನಗರದ ಕೊಳಚೆ ನೀರು ಅಲ್ಲಿನ ಭೇರಿಗಳೆಂಬ ಮೀನುಕೆರೆಗಳಿಗೆ ಹರಿಯುತ್ತದೆ. ಮೀನುಗಾರರು ಅದನ್ನು ಒಮ್ಮೆಲೇ ಬಿಡುವುದಿಲ್ಲ. ಸ್ವಲ್ಪ ಬಿಟ್ಟು, ಬಿಸಿಲಿಗೆ ಕಾದು, ಪಾಚಿ ಬೆಳೆದು ನೀರು ತಿಳಿಯಾದ ಮೇಲೆ ಮತ್ತೆ ಸ್ವಲ್ಪ. ಕೆರೆಗಳ ಆಳ ಕಡಿಮೆ, ಆದ್ದರಿಂದ ಬಿಸಿಲು ಒಳಗೆ ಇಳಿಯುತ್ತದೆ. ತೀರಿಸುವ ಶಕ್ತಿ ನೋಡಿಕೊಂಡು ಸಾಲ ಕೊಟ್ಟಂತೆ! ಧ್ರುವಜ್ಯೋತಿ ಘೋಷ್ ಎಂಬ ಸರ್ಕಾರಿ ಇಂಜಿನಿಯರು ಈ ಜನರ ಜಾಣ್ಮೆಯನ್ನು ಅಭ್ಯಾಸ ಮಾಡಿ ಲೋಕಕ್ಕೆ ತಿಳಿಸಿದರು. 2002ರಲ್ಲಿ ಅದು ರಾಮ್ಸಾರ್ ಪಟ್ಟಿಗೆ ಸೇರಿತು. ಪ್ರಯೋಗಶಾಲೆಯ ಬಾಟಲಿ ಇಲ್ಲದೆಯೇ ಆ ಮೀನುಗಾರರು ಕತ್ತಲೆಯ ಖರ್ಚನ್ನು ಲೆಕ್ಕಕ್ಕೆ ಹಿಡಿದಿದ್ದರು. ಬಾಟಲಿ ಇದ್ದೂ ನಾನು ಹಿಡಿಯಲಿಲ್ಲ.

ನಮ್ಮೂರ ಕೆರೆ

ಇಷ್ಟಾದರೂ ನನಗೆ ಅದು ಬರೀ ಅಂಕದ ವಿಷಯವಾಗಿತ್ತು. ಹೌರಾಕ್ಕೆ ವಾಪಸು ಹೋಗುವಾಗ ಇನ್ನೊಂದು ನೆನಪಾಯಿತು. ಅದನ್ನು ಬರೆಯದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ.

ನಾನು ಮೊದಲ ಪಿ.ಯು.ಸಿ.ಯಲ್ಲಿದ್ದಾಗ ತುಮಕೂರು ಜಿಲ್ಲೆಯ ನಮ್ಮೂರ ಕೆರೆಯಲ್ಲಿ ಒಂದು ಬೆಳಗ್ಗೆ ಮೀನೆಲ್ಲ ಸತ್ತು ತೇಲಿದವು. ಊರೆಲ್ಲ ಏರಿಯ ಮೇಲೆ ಸೇರಿತು. ಯಾರೋ ವಿಷ ಹಾಕಿದ್ದಾರೆ ಅಂದರು. ಯಾರು? ಆ ವರ್ಷ ಮೀನಿನ ಹರಾಜು ಕೈತಪ್ಪಿದ ಒಬ್ಬರಿದ್ದರು. ಬೆರಳೆಲ್ಲ ಅವರ ಕಡೆ ತಿರುಗಿತು. ಪೋಲೀಸು, ಕಛೇರಿ ಏನೂ ಆಗಲಿಲ್ಲ. ಆದರೆ ಊರಿನವರು ಅವರ ಮನೆಗೆ ಹೋಗುವುದನ್ನು ಬಿಟ್ಟರು. ಅವರ ಮಗ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ನಾನೂ ಅವನ ಜೊತೆ ಮಾತು ಬಿಟ್ಟೆ.

ಈಗ ನೆನಪಿಸಿಕೊಂಡರೆ ಒಂದೊಂದೂ ಹೊಂದಿಕೊಳ್ಳುತ್ತದೆ. ಅದಕ್ಕೆ ಮೊದಲು ನಾಲ್ಕು ದಿನ ಜಡಿಮಳೆ, ಮೋಡ. ಕೆರೆ ಮೊದಲು ಗಾಢ ಹಸಿರಾಗಿತ್ತು, ಆಮೇಲೆ ಕಂದಾಯಿತು. ಹಿಂದಿನ ದಿನ ಮುಂಜಾನೆ ಮೀನುಗಳು ಮೇಲೆ ಬಂದು ಬಾಯಿ ತೆರೆದು ಗಾಳಿ ಎಳೆಯುತ್ತಿದ್ದುದನ್ನು ದನ ಕಾಯುವವರು ನೋಡಿದ್ದರು. ಸತ್ತವುಗಳಲ್ಲಿ ದೊಡ್ಡ ಮೀನುಗಳೇ ಹೆಚ್ಚು. ಆಮ್ಲಜನಕದ ಕೊರತೆಯಾದಾಗ ಸಾಮಾನ್ಯವಾಗಿ ಮೊದಲು ಸಾಯುವುದು ದೊಡ್ಡ ಮೀನು, ಸಾಯುವ ಹೊತ್ತು ಬೆಳಗಿನ ಜಾವ. ಹಾಗಂತ ಇದೇ ಕಾರಣ ಎಂದು ನಾನು ಪ್ರಮಾಣ ಮಾಡಲಾರೆ. ಅಂದು ಯಾರೂ ನೀರನ್ನು ಅಳೆಯಲಿಲ್ಲ. ಆದರೆ ವಿಷ ಎಂದು ಹೇಳಿದವರ ಹತ್ತಿರವೂ ವೋಚರ್ ಇರಲಿಲ್ಲ. ಕೆರೆಯ ಕತ್ತಲೆ ಬಾಟಲಿಯಲ್ಲಿ ಊರು ತನಗೆ ತೋಚಿದ ಅಂಕಿ ಬರೆದುಬಿಟ್ಟಿತು, ನಾನು ನನ್ನ ರೆಕಾರ್ಡಿನಲ್ಲಿ ಬರೆದ ಹಾಗೆಯೇ. ನನಗೆ ಹತ್ತಕ್ಕೆ ಒಂಬತ್ತು ಸಿಕ್ಕಿತು. ಅವರಿಗೆ ಸಿಕ್ಕಿದ್ದು ಬೇರೆ.

ಮತ್ತೆ ಮಾಡಿದ್ದು

ಕಾಲೇಜು ಶುರುವಾದ ಮೇಲೆ ಮೇಷ್ಟ್ರ ಮುಂದೆ ಹೋಗಿ ನಡೆದದ್ದನ್ನು ಹೇಳಿದೆ. ಅವರು ಒಂಬತ್ತನ್ನು ಹೊಡೆದು ‘ಮತ್ತೆ ಮಾಡಿ’ ಎಂದು ಬರೆದರು. ಒಡೆದ ಬಾಟಲಿಯ ದುಡ್ಡನ್ನು ಆರು ಜನ ಸೇರಿ ಕಟ್ಟಿದೆವು. ಈ ಸಲ ಪ್ರಯೋಗವನ್ನು ನಮ್ಮೂರ ಕೆರೆಯಲ್ಲೇ ಮಾಡಿದೆ. ಮೂರು ಬಾಟಲಿಗಳ ಜೊತೆಗೆ ಮಧ್ಯಾಹ್ನ ಎರಡು ಗಂಟೆಗೊಂದು, ಬೆಳಗಿನ ಜಾವ ಐದಕ್ಕೊಂದು ನೀರು ತೆಗೆದು ಅಲ್ಲೇ ಮೊದಲ ಎರಡು ದ್ರಾವಣ ಹಾಕಿ ಮುಚ್ಚಳ ಬಿಗಿದೆ. ಲೆಕ್ಕ ಮಾಡುವ ಮೊದಲೇ ಕಣ್ಣಿಗೆ ಕಂಡಿತು. ಮಧ್ಯಾಹ್ನದ ಬಾಟಲಿಯಲ್ಲಿ ಗಾಢ ಕಂದು ಗಸಿ. ಬೆಳಗಿನ ಜಾವದ್ದರಲ್ಲಿ ತೆಳು ಹಳದಿ. ಕತ್ತಲೆ ಬಾಟಲಿಯ ಅಂಕಿ ಆರಂಭದ್ದಕ್ಕಿಂತ ಕಡಿಮೆ ಬಂತು, ಬರಬೇಕಾದಂತೆಯೇ.

ಮುಂದಿನ ವರ್ಷ ಇದನ್ನು ಮಾಡುವವರಿಗೆ ನಾಲ್ಕು ಮಾತು. ಒಂದು: ಬಾಟಲಿ ತುಂಬುವಾಗ ಗುಳ್ಳೆ ಉಳಿದರೆ ಮೊದಲ ಅಂಕಿಯೇ ಸುಳ್ಳು, ನೀರಿನೊಳಗೇ ಮುಳುಗಿಸಿ ಮುಚ್ಚಿ. ಎರಡು: ಕಪ್ಪು ಕಾಗದವನ್ನು ಎರಡು ಸುತ್ತು ಸುತ್ತಿ, ಮುಚ್ಚಳವನ್ನೂ ಬಿಡಬೇಡಿ. ಮೂರು: ನೀರು ತೆಗೆದ ಹೊತ್ತು, ಮೋಡವೋ ಬಿಸಿಲೋ ಎಂಬುದನ್ನು ಅಲ್ಲೇ ಬರೆಯಿರಿ, ಹೊತ್ತು ಬರೆಯದ ಅಂಕಿಗೆ ಬೆಲೆಯಿಲ್ಲ. ನಾಲ್ಕು: ಬಾಟಲಿ ಒಡೆದರೆ ‘ಬಾಟಲಿ ಒಡೆಯಿತು’ ಅಂತಲೇ ಬರೆಯಿರಿ. ಖಾಲಿ ಬಿಟ್ಟ ಜಾಗವನ್ನು ಇನ್ನೊಬ್ಬರು ಅಳೆದು ತುಂಬಬಹುದು. ಸುಳ್ಳು ತುಂಬಿದ ಜಾಗವನ್ನು ಯಾರೂ ಮತ್ತೆ ಅಳೆಯುವುದಿಲ್ಲ.

ಆ ಬೆಳಗ್ಗೆ ಏರಿಯಿಂದ ಇಳಿದು, ಕೈಯಲ್ಲಿ ಬಾಟಲಿಗಳ ಚೀಲ ಹಿಡಿದುಕೊಂಡೇ, ಅವರ ಮನೆಗೆ ಹೋದೆ. ಅಂಗಳದಲ್ಲಿ ಹಲ್ಲುಜ್ಜುತ್ತಿದ್ದರು. ಬಾಟಲಿ ತೋರಿಸಿ, ಆಮ್ಲಜನಕ, ಪಾಚಿ, ಮೋಡ ಎಂದೆಲ್ಲ ಹೇಳಿದೆ. ಸಮಾಧಾನದಿಂದ ಕೇಳಿದರು. ‘ನಾನು ಅವತ್ತೇ ಹೇಳಿದ್ನಲ್ಲಪ್ಪ, ಮೋಡ ಮುಚ್ಕೊಂಡು ಕೆರೆಗೆ ಉಸಿರು ಕಟ್ತು ಅಂತ. ಯಾರು ಕೇಳಿದ್ರು?’ ಅಂದರು. ಆಮೇಲೆ ಒಳಗೆ ತಿರುಗಿ ಮಗನನ್ನು ಕೂಗಿ, ನನಗೂ ಒಂದು ಲೋಟ ಕಾಫಿ ತರಲು ಹೇಳಿದರು.